ನಡುವೆ ಇದ್ದ ವೈರು

ಪ್ರವಾಸ ಬಂದವರ ಟ್ರೇಲರ್ ಮನೆಯೊಂದು ಹೊಳೆದಂಡೆಯಲ್ಲಿ ನಿಂತಿತ್ತು. ಅದಕ್ಕೆ ಕರೆಂಟು ಕೊಡುತ್ತಿದ್ದ ಜನರೇಟರಿನ ಗದ್ದಲ ಟ್ರೇಲರಿಗೆ ಆಗುತ್ತಿರಲಿಲ್ಲ, ಟ್ರೇಲರಿನ ಸೊಕ್ಕು ಜನರೇಟರಿಗೆ ಆಗುತ್ತಿರಲಿಲ್ಲ. ಅದಕ್ಕೇ ಎರಡೂ ದೂರ ದೂರ ಇದ್ದವು. ನಡುವೆ ಎರಡನ್ನೂ ಜೋಡಿಸುವ ಒಂದು ವೈರು, ಅರ್ಧ ಬಿಚ್ಚಿ, ಅರ್ಧ ಸುರುಳಿಯಲ್ಲೇ ಬಿದ್ದಿತ್ತು.

ಬಿಸಿಲೇರಿದಾಗ ಟ್ರೇಲರ್ ಗದರಿತು: "ಒಳಗೆ ಎ.ಸಿ. ಹಾಕಿದ್ದಾರೆ. ಇನ್ನಷ್ಟು ಕರೆಂಟು ಕಳಿಸು."

"ಎಷ್ಟು ಬೇಕೋ ಅಷ್ಟು ಎಳೆದುಕೋ. ನನಗೇನು ಕಡಿಮೆಯೇ?" ಎಂದು ಜನರೇಟರ್ ಗುಡುಗಿತು.

"ಸುರುಳಿಯೊಳಗಿನ ಕಾವು ಹೊರಗೆ ಹೋಗುತ್ತಿಲ್ಲ. ಮೈ ಸುಡುತ್ತಿದೆ, ಸ್ವಲ್ಪ ಹೊತ್ತು ನಿಲ್ಲಿಸಿ," ಎಂದಿತು ವೈರು.

"ಸುಮ್ಮನೆ ಬಿದ್ದುಕೊಂಡಿರುವ ನಿನಗೆಂಥ ಕಷ್ಟ?" ಎಂದು ಎರಡೂ ನಕ್ಕವು. ಅವು ಒಂದೇ ಮಾತು ಆಡಿದ್ದು ಅದೇ ಮೊದಲು.

ಸಂಜೆಯೊಳಗೆ ವೈರು ಕರಗಿ ಕರಕಲಾಯಿತು. "ನೀನು ಕೊಡಲಿಲ್ಲ," ಎಂದು ಟ್ರೇಲರ್, "ನೀನು ತೆಗೆದುಕೊಳ್ಳಲಿಲ್ಲ," ಎಂದು ಜನರೇಟರ್ ಕತ್ತಲಾಗುವವರೆಗೂ ಜಗಳವಾಡಿದವು.

ಮರುದಿನ ಟ್ರೇಲರಿನ ಯಜಮಾನ ಹೊಸ ವೈರು ತಂದು, ಅರ್ಧ ಮಾತ್ರ ಬಿಚ್ಚಿ ಜೋಡಿಸಿದ. ಮರಳಿನ ಮೇಲಿದ್ದ ಕಪ್ಪು ಕಲೆ ನೋಡಿ ಹೊಸ ವೈರು ಕೇಳಿತು: "ನನಗಿಂತ ಮೊದಲು ಇಲ್ಲಿ ಯಾರಿದ್ದರು?"

"ಯಾರೂ ಇರಲಿಲ್ಲ," ಎಂದವು ಎರಡೂ. "ನಾವಿಬ್ಬರೇ ಇದ್ದೆವು."