ಹಳದಿ ಬೆರಳು, ನೀಲಿ ಬಾನಿ

"ಗುರುಗಳೇ, ಮಠದ ಅಡುಗೆಮನೆಯ ಮುಖ್ಯಸ್ಥ ಕೆಲಸದವರ ಮೇಲೆ ಕೈ ಮಾಡುತ್ತಾನೆಂದು ಸುದ್ದಿ. ನೊಂದವರು ಹೆಸರು ಹೇಳುವುದು ಬೇಡ, ಈ ಗಡಿಗೆಗೆ ಒಂದು ಕಾಳು ಹಾಕಿದರೆ ಸಾಕು ಎಂದೆ. ಬೆಳಗಿನಿಂದ ಗಡಿಗೆಯ ಪಕ್ಕದಲ್ಲೇ ಕೂತು ಕಾದೆ. ಒಬ್ಬರೂ ಹಾಕಲಿಲ್ಲ. ಸುದ್ದಿ ಸುಳ್ಳೋ, ಇವರು ಹೇಡಿಗಳೋ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಎಲಾ ಇವನ! ನಿನಗೆ ಕಂಡದ್ದು ಎರಡೇ ದಾರಿಯೇ? ಕೇಳು" ಎಂದು ಕತೆ ಹೇಳಿದರು.

ಒಬ್ಬ ವರ್ತಕ ನೂಲಿಗೆ ಬಣ್ಣ ಹಾಕಿಸುತ್ತಿದ್ದ. ಕೆಲಸದವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಬಾನಿ. ಮೇಸ್ತ್ರಿ ಮಹಾ ಮುಂಗೋಪಿ. ನೂಲು ಸಿಕ್ಕಾದರೆ ಬೆನ್ನಿಗೆ ಕೋಲು ಬೀಳುತ್ತಿತ್ತು. ವರ್ತಕನ ಕಿವಿಗೆ ಇದು ಬಿತ್ತು. ಅವನು ಒಳಕೋಣೆಯಲ್ಲಿ ಒಂದು ಮಡಕೆ ಇಟ್ಟು, ಎಲ್ಲರಿಗೂ ಒಂದೊಂದು ಬಿಳಿ ಕಲ್ಲು ಕೊಟ್ಟ. ಏಟು ತಿಂದವರು ಹೋಗಿ ಹಾಕಿ, ಯಾರೆಂದು ನಾನು ಕೇಳುವುದಿಲ್ಲ ಎಂದ.

ಬಿದ್ದದ್ದು ಒಂದೇ ಕಲ್ಲು. ಪುಣ್ಯಾತ್ಮ ವರ್ತಕ ಅದನ್ನು ಎಲ್ಲರೆದುರು ಎತ್ತಿ ತೋರಿಸಿದ! ಕಲ್ಲಿನ ಮೇಲೆ ಹಳದಿ ಬೆರಳಿನ ಗುರುತು. ಹಳದಿ ಬಾನಿಯಲ್ಲಿ ಕೈಯಿಡುತ್ತಿದ್ದವಳು ನಿಂಗವ್ವ ಒಬ್ಬಳೇ. ಸಂಜೆಯೊಳಗೆ ಮೇಸ್ತ್ರಿ ಏನೋ ನೆಪ ಹೂಡಿ ಅವಳನ್ನು ಓಡಿಸಿದ. ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದುದು ಅವಳ ಕೂಲಿಯಿಂದಲೇ. ಪಾಪ, ಅತ್ತುಕೊಂಡು ಹೋದಳು.

ವರ್ತಕನ ತಾಯಿಗೆ ಗೊತ್ತಾಯಿತು. "ಏನಪ್ಪಾ ಜಾಣ! ಬಾಯಿಗೆ ಬೀಗ ಹಾಕಿ ಕೈಗೆ ತಮಟೆ ಕೊಟ್ಟೆಯಲ್ಲ" ಎಂದಳು. "ಮಡಕೆ ತೆಗೆ. ಅಲ್ಲಿ ನೀಲಿಯ ಬಾನಿ ಇಡು. ಏಟು ತಿಂದವರು, ತಿನ್ನದವರು ಎಲ್ಲರೂ ಒಬ್ಬೊಬ್ಬರಾಗಿ ಹೋಗಿ ಕಲ್ಲು ಹಿಡಿದ ಮುಷ್ಟಿ ಅದ್ದಲಿ. ಏಟು ತಿಂದವರು ತಳದಲ್ಲಿ ಕಲ್ಲು ಬಿಡಲಿ. ಮಿಕ್ಕವರು ಹಾಗೇ ಹಿಡಿದು ತಂದು ಹೊಳೆಗೆ ಹಾಕಲಿ. ಹೊಳೆ ಮುಟ್ಟುವವರೆಗೆ ಯಾರೂ ಮುಷ್ಟಿ ಬಿಚ್ಚಬಾರದು. ಮೊದಲು ನೀನು ಅದ್ದು."

ವರ್ತಕ ಮೊಣಕೈವರೆಗೆ ಅದ್ದಿದ. ಅವನ ಹಿಂದೆ ಎಲ್ಲರೂ ಅದ್ದಿದರು. ಮೇಸ್ತ್ರಿ ಹೊರಗೆ ನಿಂತು ಒಂದೊಂದೇ ಕೈ ನೋಡಿದ. ಎಲ್ಲ ಕೈಯೂ ನೀಲಿ, ಎಲ್ಲ ಮುಷ್ಟಿಯೂ ಬಿಗಿ. ಯಜಮಾನನದೂ ಹಾಗೆಯೇ. ಕೆಲಸದವರು ಮುಷ್ಟಿ ಹಿಡಿದುಕೊಂಡೇ ನಗುತ್ತ ಹೊಳೆಗೆ ನಡೆದರು.

ಬಾನಿ ಬಗ್ಗಿಸಿದರೆ ತಳದಲ್ಲಿ ಕಲ್ಲಿನ ರಾಶಿ! ಎಲ್ಲವೂ ನೀಲಿ. ಯಾವುದು ಯಾರದೆಂದು ಬ್ರಹ್ಮನಿಗೂ ತಿಳಿಯದು. ಮೇಸ್ತ್ರಿ ಅಂದೇ ಊರು ಬಿಟ್ಟ. ವರ್ತಕ ತಾನೇ ನಿಂಗವ್ವನ ಮನೆಗೆ ಹೋಗಿ, ತಪ್ಪಾಯಿತು ತಾಯಿ ಎಂದು ಕೈಮುಗಿದು ಕರೆತಂದ. ಆ ನೀಲಿ ಕೈ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಕತೆ ಕೇಳಿ ಶಿಷ್ಯ ಹಿಗ್ಗಿದ. "ಹಾಗಾದರೆ ಗುರುಗಳೇ, ನಾಳೆ ನಾನೂ ಒಂದು ನೀಲಿ ಬಾನಿ ತರಿಸಲೇ?"

"ಬಾನಿ ಯಾಕೋ ಮಾರಾಯ, ನಿನ್ನ ಗಡಿಗೆಯೇ ಸಾಕು, ನೀನು ಮಾತ್ರ ಅದರ ಪಕ್ಕದಿಂದ ಎದ್ದು ಬಾ" ಎಂದರು ಗುರುಗಳು.