ಬರುತ್ತಿರುವ ಹರಿಗೋಲು

ತುಂಗಭದ್ರೆ ಮೆಲ್ಲಗೆ ಬಾಗುವ ಕಡೆ ಕಲ್ಲಿನಾಥ ಗುರುಗಳ ಮನೆಯಿತ್ತು. ಗುಡಿಗಳ ಛಾವಣಿಗೆ ಚಿತ್ರ ಬರೆದು ಬರೆದು ಕತ್ತು ಸೋತ ಮೇಲೆ ಅವರು ಅಲ್ಲಿ ಬಂದು ನೆಲೆಸಿದ್ದರು.

ಪಂಪಾವತಿ ಅವರ ಬಳಿ ಎಂಟು ವರ್ಷದಿಂದ ಕಲಿಯುತ್ತಿದ್ದಳು. ಮೊದಲ ಎರಡು ವರ್ಷ ಬರೀ ಬಣ್ಣ ಅರೆದಳು. ಆಮೇಲೆ ಹೊಳೆಯನ್ನು ಬರೆಯತೊಡಗಿದಳು. ಬೆಳಗಿನ ಹೊಳೆ, ಬಿಸಿಲಿನ ಹೊಳೆ, ಎಮ್ಮೆಗಳು ಮುಳುಗಿ ಮಲಗಿದ ಹೊಳೆ. ಬೇರೆ ಯಾವುದಕ್ಕೂ ಅವಳ ಕೈ ಏಳುತ್ತಿರಲಿಲ್ಲ.

ಒಂದು ದಿನ ಊರಿನ ವಾಚನಾಲಯದವರು ಹೇಳಿಕಳಿಸಿದರು. ಅವಳ ಚಿತ್ರಗಳನ್ನು ಮೂರು ದಿನ ತಮ್ಮ ದೊಡ್ಡ ಕೋಣೆಯಲ್ಲಿ ತೂಗುಹಾಕಬಹುದು ಎಂದು.

ಪಂಪಾವತಿ ಹನ್ನೊಂದು ಚಿತ್ರಗಳನ್ನು ಆರಿಸಿ ಗುರುಗಳ ಮುಂದೆ ಹರಡಿದಳು. ಗುರುಗಳು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಕಟ್ಟಿನಿಂದ ಇನ್ನೊಂದನ್ನು ಎಳೆದರು.

“ಇದು?”

“ಅದು ಅರ್ಧಕ್ಕೇ ನಿಂತದ್ದು, ಗುರುಗಳೇ. ಮಂಜು ಬರೆಯುತ್ತಿದ್ದೆ, ಕೈ ಸೋತಿತು. ನಡುವೆ ಕಾಗದ ಬಿಳಿಯಾಗಿ ಹಾಗೇ ಉಳಿದಿದೆ.”

“ಇದನ್ನೂ ಹಾಕು.”

“ಜನ ನಗುತ್ತಾರೆ.”

“ನಗಲಿ. ಅಷ್ಟು ದೂರ ನಡೆದು ಬಂದವರು ಏನಾದರೂ ಮಾಡಬೇಕಲ್ಲ.”

ಅವಳು ಅದನ್ನು ಒಯ್ದು, ಬೆಳಕು ಕಡಿಮೆ ಇದ್ದ ಬಾಗಿಲ ಪಕ್ಕಕ್ಕೆ ತೂಗುಹಾಕಿದಳು.

ಮೊದಲ ದಿನ ಜನ ಬಂದರು. “ಹೊಳೆ ಹೊಳೆಯ ಹಾಗೇ ಇದೆ,” ಎಂದರು ಮೇಷ್ಟ್ರೊಬ್ಬರು. ಒಬ್ಬ ದರ್ಜಿ ಒಂದು ಚಿತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ. ಇಬ್ಬರು ಹುಡುಗಿಯರು ಚಿತ್ರದಲ್ಲಿದ್ದ ಎಮ್ಮೆಗಳು ಯಾರ ಮನೆಯವು ಎಂದು ಗುರುತು ಹಿಡಿಯಲು ಜಗಳವಾಡಿದರು.

ಎಲ್ಲರೂ ಒಳ್ಳೆಯ ಮಾತನ್ನೇ ಆಡಿ ಹೋದರು. ಕೋಣೆ ಖಾಲಿಯಾದಾಗ ಪಂಪಾವತಿಯ ಎದೆಯೂ ಖಾಲಿಯೆನಿಸಿತು. ಎಂಟು ವರ್ಷ ಇದಕ್ಕಾಗಿಯೇ ಏನು ಎಂದುಕೊಂಡಳು.

ಎರಡನೆಯ ದಿನ ಮಧ್ಯಾಹ್ನ, ಬಿಸಿಲು ತಾಳಲಾರದೆ ಒಬ್ಬ ಮುದುಕಿ ಒಳಗೆ ಬಂದಳು. ಸೊಪ್ಪು ಮಾರುವ ಹುಲಿಗೆವ್ವ. ಬುಟ್ಟಿ ಇಳಿಸಿ, ಬಾಗಿಲ ಬಳಿಯ ಕೊಡದಿಂದ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ತಲೆ ಎತ್ತಿದಳು.

ಎದುರಿಗೆ ಆ ಅರ್ಧ ಚಿತ್ರವಿತ್ತು.

“ಬರಾಕತ್ಯಾರ,” ಎಂದಳು ಹುಲಿಗೆವ್ವ.

“ಯಾರವ್ವ?”

“ನಮ್ಮ ಮನಿಯವರು. ಹರಿಗೋಲು ಹಾಕ್ಕೊಂಡು. ಅಲ್ಲಿ ನೋಡು.”

ಅವಳ ಬೆರಳು ಬಿಳಿ ಕಾಗದದ ಕಡೆಗಿತ್ತು. ಪಂಪಾವತಿ ನೋಡಿದಳು. ಅಲ್ಲಿ ಹರಿಗೋಲೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ.

ಹುಲಿಗೆವ್ವ ಬಹಳ ಹೊತ್ತು ನಿಂತಳು. ಬುಟ್ಟಿಯ ಸೊಪ್ಪು ಬಾಡಿತು. ಅವಳಿಗೆ ಅದರ ಪರಿವೆ ಇರಲಿಲ್ಲ. ಹೊರಡುವಾಗ, “ನಾಳಿಗೆ ನಮ್ಮ ತಂಗೀನ ಕರಕೊಂಡು ಬರ್ತೀನಿ. ಆಕೀನೂ ನೋಡ್ಲಿ,” ಎಂದಳು.

ಅವಳ ಗಂಡ ಅಂಬಿಗನಾಗಿದ್ದನೆಂದೂ, ಮೂವತ್ತು ವರ್ಷದ ಹಿಂದೆ ಹೊಳೆ ತುಂಬಿದ್ದಾಗ ಆಚೆ ದಡಕ್ಕೆ ಹೋದವನು ತಿರುಗಿ ಬರಲಿಲ್ಲವೆಂದೂ ವಾಚನಾಲಯದವರು ಹೇಳಿದರು.

ಪಂಪಾವತಿಯ ಕಣ್ಣು ತುಂಬಿತು. ತನ್ನ ಚಿತ್ರದ ಮುಂದೆ ಒಬ್ಬರು ನಿಂತಿದ್ದರು, ನಿಜವಾಗಿ ನಿಂತಿದ್ದರು. ಅವರಿಗೆ ಏನಾದರೂ ಕೊಡಬೇಕೆನಿಸಿತು.

ಮರುದಿನ ಬೆಳಗಾಗುತ್ತಲೇ ಬಂದು ಚಿತ್ರವನ್ನು ಕೆಳಗಿಳಿಸಿದಳು. ಬಿಳಿ ಉಳಿದಿದ್ದ ಜಾಗದಲ್ಲಿ ಹರಿಗೋಲು ಬರೆದಳು. ಬುಟ್ಟಿಯ ಹಾಗೆ ದುಂಡನೆಯ ಹರಿಗೋಲು, ಅದರಲ್ಲಿ ತಲೆಗೆ ವಸ್ತ್ರ ಸುತ್ತಿದ ಅಂಬಿಗ, ಅವನ ಕೈಯಲ್ಲಿ ಹುಟ್ಟು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಬರೆದಿರಲಿಲ್ಲ.

ಹುಲಿಗೆವ್ವ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ತಂಗಿಯ ಕೈ ಹಿಡಿದು ಬಂದಳು.

“ಅಯ್ಯ, ಎಷ್ಟು ಚಂದ ಐತಿ!” ಎಂದಳು ತಂಗಿ.

ಹುಲಿಗೆವ್ವ ಚಿತ್ರವನ್ನು ನೋಡಿದಳು. ಪಕ್ಕದ ಗೋಡೆ ನೋಡಿದಳು. ಮತ್ತೆ ಚಿತ್ರ ನೋಡಿದಳು.

“ನಿನ್ನಿ ಚಿತ್ರ ಎಲ್ಲೈತಿ, ಮಗಳ?”

“ಇದೇ ಅವ್ವ. ನಿಮಗಂತಲೇ ಹರಿಗೋಲು ಬರೆದೆ.”

“ಇವನ್ಯಾರು?”

“ನಿಮ್ಮ ಮನೆಯವರು.”

ಹುಲಿಗೆವ್ವ ಅಲ್ಲವೆಂಬಂತೆ ತಲೆಯಾಡಿಸಿದಳು. “ಅವರು ಬರಾಕತ್ತಿದ್ರು. ಇವನು ಬಂದಬಿಟ್ಟಾನ.”

ಸೆರಗನ್ನು ತಲೆಯ ಮೇಲೆಳೆದುಕೊಂಡು ಹೊರಟುಹೋದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪಂಪಾವತಿ ತಡೆದುಕೊಳ್ಳುತ್ತಿದ್ದಳು.

ಸಂಜೆ ಅವಳು ತನ್ನ ಕುಂಚಗಳನ್ನೆಲ್ಲ ತಂದು ಗುರುಗಳ ಮುಂದಿಟ್ಟಳು.

“ಇವು ನನಗೆ ಬೇಡ, ಗುರುಗಳೇ.”

“ಯಾಕೆ?”

ಅವಳು ನಡೆದದ್ದನ್ನೆಲ್ಲ ಹೇಳಿದಳು. “ಅವರಿಗೆ ಇದ್ದದ್ದು ಅದೊಂದೇ. ಅದರ ಮೇಲೆ ನಾನು ಬಣ್ಣ ಹಚ್ಚಿಬಿಟ್ಟೆ,” ಎಂದು ಅತ್ತಳು.

ಗುರುಗಳು ಅಳು ನಿಲ್ಲುವವರೆಗೆ ಕಾದರು. ಆಮೇಲೆ, “ನಾಳೆ ಆಕೆಯ ಮನೆಗೆ ಹೋಗು,” ಎಂದರು.

“ಹೋಗಿ ಕ್ಷಮೆ ಕೇಳಲೇ?”

“ಬೇಡ. ಆಕೆ ಊಟಕ್ಕೆ ಏಳು ಅನ್ನುವವರೆಗೆ ಸುಮ್ಮನೆ ಕೂತಿರು.”

ಹುಲಿಗೆವ್ವನ ಮನೆಯ ಬಾಗಿಲು ಹೊಳೆಯ ಕಡೆಗಿತ್ತು. ಅವಳು ಜಗುಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಪಂಪಾವತಿಯನ್ನು ನೋಡಿದಳು, ಬಾ ಎನ್ನಲಿಲ್ಲ, ಹೋಗೆನ್ನಲೂ ಇಲ್ಲ. ಪಂಪಾವತಿ ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದಳು.

ಸಂಜೆಯಾಯಿತು. ಯಾರೂ ಊಟಕ್ಕೆ ಏಳು ಅನ್ನಲಿಲ್ಲ. ಅವಳು ಎದ್ದು ಬಂದಳು.

ಮರುದಿನವೂ ಹೋದಳು. ಮೂರನೆಯ ದಿನವೂ ಹೋದಳು.

ನಾಲ್ಕನೆಯ ದಿನ ಹುಲಿಗೆವ್ವ ನೀರನ್ನು ನೋಡುತ್ತ ಹೇಳಿದಳು: “ಆಚಿ ದಂಡಿಗೆ ಒಬ್ಬಾಕಿಗೆ ಹೆರಿಗಿ ಕಷ್ಟ ಆಗಿತ್ತು. ಸೂಲಗಿತ್ತೀನ ಬಿಟ್ಟು ಬರ್ತೀನಿ ಅಂತ ಹೋದ್ರು. ಆಕೀನ ಮುಟ್ಟಿಸಿದ್ರು. ಕೂಸು ಉಳೀತು. ತಿರುಗಿ ಬರುವಾಗ ಮಂಜು ಬಿತ್ತು. ನಾನು ಇಲ್ಲೇ ನಿಂತಿದ್ದೆ. ಹುಟ್ಟು ಹಾಕೋ ಸಪ್ಪಳ ಕೇಳ್ತಿತ್ತು.”

“ಆಮೇಲೆ?”

“ಇನ್ನೂ ಕೇಳ್ತೈತಿ.”

ಹುಲಿಗೆವ್ವ ಮಡಿಲಲ್ಲಿದ್ದ ಶೇಂಗಾ ಸಿಪ್ಪೆ ಕೊಡವಿ ಎದ್ದಳು.

“ಏಳು, ರೊಟ್ಟಿ ತಿನ್ನು,” ಎಂದಳು ಹುಲಿಗೆವ್ವ.

ಪಂಪಾವತಿ ಮರಳಿ ಬಂದು ಕುಂಚ ಹಿಡಿದಳು. ಅವು ಇಟ್ಟಲ್ಲೇ ಇದ್ದವು.

ಆ ಬಿಳಿ ಮತ್ತೆ ಸುಲಭವಾಗಿ ಬರಲಿಲ್ಲ. ಮಂಜು ಬರೆದರೆ ಹೊಗೆಯಂತೆ ಕಂಡಿತು. ಬರೆಯದೆ ಬಿಟ್ಟರೆ ಬರೀ ಕಾಗದದಂತೆ ಕಂಡಿತು. ಅವಳು ದಿನವೂ ಬೆಳಿಗ್ಗೆ ದಡಕ್ಕೆ ಹೋಗುವಳು, ಬರೆಯುವಳು, ಹರಿದುಹಾಕುವಳು. ಚಳಿಗಾಲ ಬಂತು.

ಒಂದು ಬೆಳಿಗ್ಗೆ ಹೊಳೆ ಕಾಣಲಿಲ್ಲ. ನೀರಿಗೂ ಆಕಾಶಕ್ಕೂ ಗೆರೆ ಅಳಿಸಿಹೋಗಿತ್ತು. ಕಾಲ ಬಳಿಯ ಎರಡು ಬಂಡೆ, ಅವನ್ನು ನೆಕ್ಕುವ ನೀರು, ಅಷ್ಟೇ. ಪಂಪಾವತಿ ಆ ಬಂಡೆಗಳನ್ನು ಬರೆದಳು. ಹತ್ತಿರದ ನೀರನ್ನು ಬರೆದಳು. ಎಲ್ಲಿಂದಲೋ ಏನೋ ಸಪ್ಪಳವಾದಂತಾಯಿತು. ಅವಳು ಕುಂಚ ಎತ್ತಿಹಿಡಿದು ಕೇಳಿದಳು. ಕೇಳುತ್ತ ಕೇಳುತ್ತ ಕುಂಚದ ಬಣ್ಣ ಒಣಗಿತು.

ಮಂಜು ಕರಗಿದಾಗ ಚಿತ್ರ ಮುಗಿದಿತ್ತು.

ಅದನ್ನು ಅವಳು ಯಾವ ಕೋಣೆಯಲ್ಲೂ ತೂಗುಹಾಕಲಿಲ್ಲ. ನೇರವಾಗಿ ಹುಲಿಗೆವ್ವನ ಮನೆಗೆ ಒಯ್ದು ಒಲೆಯ ಎದುರಿನ ಗೋಡೆಗೆ ನಿಲ್ಲಿಸಿದಳು.

ಹುಲಿಗೆವ್ವ ಬಂದು ನಿಂತಳು. ಕಣ್ಣು ಕಿರಿದು ಮಾಡಿದಳು. ಅವಳ ಮುಖ ನಿಧಾನವಾಗಿ ಸಡಿಲಾಯಿತು.

“ಇನ್ನಾ ಸ್ವಲ್ಪ ಹೊತ್ತು ಬೇಕು ಅವರಿಗೆ,” ಎಂದಳು. “ಅಷ್ಟರಾಗ ಅನ್ನಕ್ಕ ಇಡ್ತೀನಿ.”

ಪಂಪಾವತಿ ಅವಳ ಹಿಂದೆ ನಿಂತು ಚಿತ್ರವನ್ನು ದಿಟ್ಟಿಸಿದಳು. ತಾನೇ ಬರೆದದ್ದು. ಎಷ್ಟು ನೋಡಿದರೂ ಮಂಜು, ಬರೀ ಮಂಜು.

ಗುರುಗಳು ದಡದಲ್ಲಿ ಕೂತು ಬಣ್ಣದ ಬಟ್ಟಲು ತೊಳೆಯುತ್ತಿದ್ದರು. ಅವಳು ಬಂದು ಪಕ್ಕದಲ್ಲಿ ಕೂತಳು.

“ಅವರಿಗೆ ಹರಿಗೋಲು ಕಂಡಿತು, ಗುರುಗಳೇ.”

“ಒಳ್ಳೆಯದಾಯಿತು.”

“ಬರೆದವಳು ನಾನು. ನನಗೇಕೆ ಕಾಣುವುದಿಲ್ಲ?”

ಗುರುಗಳು ಬಟ್ಟಲನ್ನು ಮಗುಚಿಟ್ಟು ಅವಳ ಕಡೆ ತಿರುಗಿದರು.

“ನೀನು ಯಾರ ದಾರಿ ಕಾಯುತ್ತಿದ್ದೀಯ, ಮಗಳೇ?”