ಗೊರವಂಕ ಮರೆಸಿದ ಕೂಗು

ಶಾಲೆಯ ಮಾಡಿನಲ್ಲಿ ಗೂಡು ಕಟ್ಟಿದ್ದ ಗೊರವಂಕವೊಂದು ಕೆಳಗಿನ ತರಗತಿಯಿಂದ ಕೇಳಿಬರುತ್ತಿದ್ದ ಕಠಿಣವಾದ ಇಂಗ್ಲಿಷ್ ಪದಗಳನ್ನೇ ಆರಿಸಿ, ರೆಕ್ಕೆ ಬಲಿತ ತನ್ನ ಮರಿಗೆ ಕಲಿಸುತ್ತಿತ್ತು. "ನಮ್ಮ ಚೀರಾಟ ಕೀಳು ಮಾತು. ಯಾರು ಚೀರಿದರೂ ಓಗೊಡಬೇಡ," ಎಂದು ತಾಕೀತು ಮಾಡಿತ್ತು.

"ಅಕ್ಕಾ, ಬೆಕ್ಕು ಬಂದರೆ ಏನೆಂದು ಕೂಗುತ್ತೀ?" ಎಂದು ಪಕ್ಕದ ಗುಬ್ಬಿ ಕೇಳಿತು.

"ಆ ಕೂಗು ನಿನ್ನ ಮಕ್ಕಳಿಗೆ ಸಾಕು, ಬಿಡು," ಎಂದು ಗೊರವಂಕ ನಕ್ಕಿತು.

ಒಂದು ಮಧ್ಯಾಹ್ನ ಬೆಕ್ಕು ತೊಲೆಯೇರಿತು. ಎದುರಿನ ಮರದಲ್ಲಿದ್ದ ತಾಯಿಗೆ ಕಲಿತ ಪದ ಒಂದೂ ನೆನಪಾಗಲಿಲ್ಲ. ಹಳೆಯ ಚೀರಾಟವನ್ನೇ ಚೀರಿತು. ಗುಬ್ಬಿಮರಿಗಳೆಲ್ಲ ಪುರ್ರೆಂದು ಹಾರಿಹೋದವು.

ಗೊರವಂಕದ ಮರಿ ಮಾತ್ರ ಕದಲಲಿಲ್ಲ. "ಇದಕ್ಕೆ ಓಗೊಡಬೇಡ ಅಂತ ನೀನೇ ಹೇಳಿದ್ದೆಯಲ್ಲಮ್ಮಾ. ಇಂಗ್ಲಿಷಿನಲ್ಲಿ ಹೇಳು," ಎಂದಿತು.

"ಎಂಥ ವಿಧೇಯ ಮಗು!" ಎಂದು ಬೆಕ್ಕು ಮೆಚ್ಚಿಕೊಂಡು ಹತ್ತಿರ ಬಂತು.

ಖಾಲಿ ಗೂಡಿನ ಮುಂದೆ ಕೂತು ಗೊರವಂಕ ಈಗಲೂ ಆ ಕೂಗನ್ನೇ ಕೂಗುತ್ತದೆ.